ಅಡುಗೆಮನೆ ಫೇಸ್ ಪ್ಯಾಕ್: ಎಂಟು ವಾರ ಅರ್ಧ ಮುಖಕ್ಕೆ ಹಚ್ಚಿ ನೋಡಿದೆ

ಪೂರ್ತಿ ಓದಲು ಟೈಮ್ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹೆಸರುಹಿಟ್ಟು ಮತ್ತು ಮೊಸರಿಗೆ 10ಕ್ಕೆ 9. ನಿಂಬೆಹಣ್ಣು ಮತ್ತು ಅಡುಗೆ ಸೋಡಾಕ್ಕೆ ಸೊನ್ನೆ. ಉಳಿದದ್ದೆಲ್ಲ ಇವೆರಡರ ಮಧ್ಯೆ ಎಲ್ಲೋ ಬರುತ್ತದೆ. ಯಾವುದು ಎಲ್ಲಿ, ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ಇದೆಲ್ಲ ಶುರುವಾದದ್ದು ಮಾರ್ಚ್ ತಿಂಗಳಲ್ಲಿ. ನಮ್ಮ ಅಕ್ಕನ ಮಗಳಿಗೆ 19 ವರ್ಷ. ಇಲ್ಲೇ ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಓದುತ್ತಾಳೆ. ಒಂದು ಮದುವೆಗೆ ಹೋಗಬೇಕಿತ್ತು, ಅದಕ್ಕೆ ಎರಡು ವಾರ ಮುಂಚೆ ಯಾರೋ ನೆಂಟರು "ಏನೇ ಇಷ್ಟು ಕಪ್ಪಾಗಿಬಿಟ್ಟಿದೀಯ" ಅಂದಿದ್ದಾರೆ. ಅಷ್ಟೇ ಸಾಕಾಯಿತು. ರೂಮಿಗೆ ಹೋದವಳೇ ಮೊಬೈಲ್‌ನಲ್ಲಿ ಯಾವುದೋ ವಿಡಿಯೊ ನೋಡಿ ಅರ್ಧ ಹೋಳು ನಿಂಬೆಹಣ್ಣು, ಒಂದು ಚಮಚ ಸೋಡಾ, ಚಿಟಿಕೆ ಅರಿಶಿನ ಕಲಸಿ 20 ನಿಮಿಷ ಹಚ್ಚಿಕೊಂಡಿದ್ದಾಳೆ. ತುಂಬಾ ಉರಿಯಿತಂತೆ. ಉರಿದರೆ ಕೆಲಸ ಮಾಡುತ್ತಿದೆ ಅಂತ ಅರ್ಥ ಎಂದು ವಿಡಿಯೊದಲ್ಲೇ ಹೇಳಿದ್ದರಂತೆ. ಅದಕ್ಕೆ ಪಾಪ, ಹಲ್ಲು ಕಚ್ಚಿ ತಡೆದುಕೊಂಡಿದ್ದಾಳೆ. ಆಮೇಲೆ ಸುಮ್ನೆ ನೀರಲ್ಲಿ ಒಂದು ಸಲ ತೊಳೆದು, ಮಟಮಟ ಮಧ್ಯಾಹ್ನ ಸ್ಕೂಟರ್‌ನಲ್ಲಿ ಕಾಲೇಜಿಗೆ ಹೋಗಿದ್ದಾಳೆ.

ಮಾರನೇ ದಿನ ಕೆನ್ನೆ ಕೆಂಪಾಯಿತು. ಮೂರನೇ ದಿನಕ್ಕೆ ಸಣ್ಣ ಗುಳ್ಳೆ. ಆಮೇಲೆ ಕಂದು ಮಚ್ಚೆ. ಕೆನ್ನೆಯಿಂದ ಕುತ್ತಿಗೆಗೆ ರಸ ಇಳಿದು ಹೋದ ದಾರಿಯಲ್ಲೇ ಒಂದು ಕಂದು ಗೆರೆ ಬಿದ್ದಿತ್ತು, ಯಾರೋ ಬ್ರಷ್‌ನಲ್ಲಿ ಎಳೆದ ಹಾಗೆ. ಮದುವೆಗೆ ಅವಳು ಬರಲೇ ಇಲ್ಲ. ನಮ್ಮ ಮನೆಗೆ ಬಂದು "ಚಿಕ್ಕಮ್ಮ, ಇದು ಹೋಗುತ್ತಾ?" ಅಂತ ಕೇಳಿದಾಗ ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಗೆರೆ ನೋಡಿದ ತಕ್ಷಣ "ನಿಂಬೆಹಣ್ಣು ಹಚ್ಚಿ ಬಿಸಿಲಿಗೆ ಹೋಗಿದ್ದೆಯಾ ಅಮ್ಮ?" ಅಂದರು.

ನಮ್ಮ ಅಮ್ಮನಿಗೆ 72 ವರ್ಷ. ಅವರು ಅವತ್ತು ಹೇಳಿದ ಮಾತು ಈಗಲೂ ನೆನಪಿದೆ. "ಹುಳಿ ಹಾಕಿ ಉಜ್ಜೋದು ತಾಮ್ರದ ಚೊಂಬನ್ನ ಕಣೇ, ಮುಖಾನಲ್ಲ."

ಡಾಕ್ಟರು ಹೇಳಿದ್ದನ್ನೂ ನಾನು ಓದಿಕೊಂಡಿದ್ದನ್ನೂ ಸೇರಿಸಿ ಹೇಳುತ್ತೇನೆ, ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯುರಾನೊಕೌಮರಿನ್ ಅನ್ನೋ ಪದಾರ್ಥಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಚರ್ಮ ಸುಟ್ಟ ಹಾಗಾಗುತ್ತದೆ. ತಕ್ಷಣ ಕಾಣಿಸುವುದಿಲ್ಲ, ಒಂದೆರಡು ದಿನ ಬಿಟ್ಟು ಕಾಣಿಸುತ್ತದೆ. ಅದಕ್ಕೇ ಎಷ್ಟೋ ಜನರಿಗೆ ಇದು ನಿಂಬೆಹಣ್ಣಿನಿಂದ ಆಯಿತು ಅಂತಲೇ ಹೊಳೆಯುವುದಿಲ್ಲ. ಕಲೆ ಹೋಗುವುದಕ್ಕೆ ವಾರಗಳು, ಕೆಲವರಿಗೆ ತಿಂಗಳುಗಳು ಬೇಕು.

ಇನ್ನು ಹುಳಿಯ ಲೆಕ್ಕ. ಹುಳಿ ಎಷ್ಟಿದೆ ಅಂತ ಹೇಳುವ ಅಳತೆಗೆ ಪಿಎಚ್ ಅನ್ನುತ್ತಾರೆ, ಅಂಕಿ ಕಡಿಮೆ ಆದಷ್ಟೂ ಹುಳಿ ಜಾಸ್ತಿ. ನಮ್ಮ ಚರ್ಮದ ಮೇಲ್ಪದರದ ಪಿಎಚ್ ಸುಮಾರು 5. ನಿಂಬೆರಸದ್ದು 2ರ ಆಸುಪಾಸು. ಬರೀ ಮೂರು ಅಂಕಿ ವ್ಯತ್ಯಾಸ ಅಲ್ವಾ ಅನಿಸುತ್ತದೆ. ಆದರೆ ಈ ಅಳತೆಯಲ್ಲಿ ಒಂದೊಂದು ಅಂಕಿ ಅಂದರೆ ಹತ್ತು ಪಟ್ಟು. ಮೂರು ಅಂಕಿ ಅಂದರೆ ಸಾವಿರ ಪಟ್ಟು. ಅಡುಗೆ ಸೋಡಾ ಕಲಸಿದ ನೀರು 8ರ ಮೇಲೆ, ಅಂದರೆ ಅದು ಹುಳಿಗೆ ವಿರುದ್ಧವಾದ ಕ್ಷಾರದ ಕಡೆ. ಎರಡನ್ನೂ ಸೇರಿಸಿದಾಗ ನೊರೆ ಬುಸುಬುಸು ಅಂತ ಉಕ್ಕುತ್ತದಲ್ಲ, ಅದು ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುವುದು ಅಷ್ಟೇ. ಆ ನೊರೆ ಚರ್ಮದ ಒಳಗೆ ಹೋಗಿ ಕೊಳೆ ತೆಗೆಯುತ್ತದೆ ಅನ್ನುವುದು ಸುಳ್ಳು.

ಅವಳ ಮುಖ ನೋಡಿ ನೋಡಿ ಒಂದು ನಿರ್ಧಾರ ಮಾಡಿದೆ. ಅಡುಗೆಮನೆಯಲ್ಲಿರುವುದನ್ನೆಲ್ಲ ನಾನೇ ಹಚ್ಚಿ ನೋಡುತ್ತೇನೆ, ಏನಾಗುತ್ತದೆ ಅಂತ ಬರೆದಿಡುತ್ತೇನೆ ಅಂತ. ನನಗೆ 42. ಹಣೆ ಮತ್ತು ಮೂಗಿನ ಹತ್ತಿರ ಜಿಡ್ಡು, ಕೆನ್ನೆ ಒಣಕಲು. ಮನೆಗೆ ಬರುವುದು ಬೋರ್‌ವೆಲ್ ನೀರು, ಗಡಸು. ಏಪ್ರಿಲ್, ಮೇ ಎರಡು ತಿಂಗಳು, ಬೇಸಿಗೆಯ ಮಧ್ಯದಲ್ಲಿ ಮಾಡಿದೆ. ವಾರಕ್ಕೆ ಮೂರು ದಿನ, ಒಟ್ಟು 24 ಸಲ, ಎಂಟು ಪದಾರ್ಥ, ಒಂದೊಂದಕ್ಕೂ ಮೂರು ಸಲ. ಮುಖ್ಯವಾದ ಮಾತೆಂದರೆ ಹಚ್ಚಿದ್ದು ಎಡಗೆನ್ನೆಗೆ ಮತ್ತು ಹಣೆಯ ಎಡ ಅರ್ಧಕ್ಕೆ ಮಾತ್ರ. ಬಲಗಡೆಗೆ ಬರೀ ನೀರು. ಹಾಗೆ ಮಾಡದೇ ಇದ್ದರೆ ಏನು ಹಚ್ಚಿದರೂ ಕನ್ನಡಿ ಮುಂದೆ ನಿಂತಾಗ ಹೊಳಪು ಬಂದ ಹಾಗೇ ಕಾಣುತ್ತದೆ. ಮುಖ ತೊಳೆದು ಒರೆಸಿಕೊಂಡರೆ ಯಾರ ಮುಖವಾದರೂ ಹೊಳೆಯುತ್ತದೆ ಅಲ್ವಾ. ಪ್ರತಿಯೊಂದನ್ನೂ ಮೊದಲು ಮೊಣಕೈ ಮಡಚುವ ಜಾಗದಲ್ಲಿ ಹಚ್ಚಿ, ಒಂದು ದಿನ ಬಿಟ್ಟು, ಏನೂ ಆಗದಿದ್ದರೆ ಮಾತ್ರ ಮುಖಕ್ಕೆ.

ನಿಂಬೆ ಮತ್ತು ಸೋಡಾ ಪರೀಕ್ಷೆ ಮಾಡಲಿಲ್ಲ. ಅದರ ಫಲಿತಾಂಶ ನಮ್ಮ ಮನೆಯಲ್ಲೇ ಕೂತಿತ್ತು.

ಹೆಸರುಹಿಟ್ಟಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಹೇಳುವುದು ಜಾಸ್ತಿ ಇರುವುದು ಅದರ ಬಗ್ಗೆಯೇ. ನಾವು ಚಿಕ್ಕವರಿದ್ದಾಗ ಅಮ್ಮ ದೀಪಾವಳಿ ನೀರು ತುಂಬುವ ಹಬ್ಬದ ಮಾರನೇ ದಿನ ಬೆಳಗ್ಗೆ ಎಣ್ಣೆ ಹಚ್ಚಿ ಹಂಡೆ ನೀರಲ್ಲಿ ಸ್ನಾನ ಮಾಡಿಸುತ್ತಿದ್ದರು. ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು, ಮುಖಕ್ಕೆ ಮಾತ್ರ ಹೆಸರುಹಿಟ್ಟು. ಯಾಕೆ ಮುಖಕ್ಕೆ ಬೇರೆ ಅಂತ ಅಂದು ಕೇಳಿರಲಿಲ್ಲ. ಈಗ ಎರಡನ್ನೂ ಹಚ್ಚಿ ನೋಡಿದ ಮೇಲೆ ಗೊತ್ತಾಯಿತು. ಕಡಲೆಹಿಟ್ಟು ಜಿಡ್ಡನ್ನು ಪೂರ್ತಿ ಎಳೆದುಬಿಡುತ್ತದೆ, ಚರ್ಮ ಬಿಗಿ ಅನಿಸುತ್ತದೆ. ಹೆಸರುಹಿಟ್ಟು ಜಿಡ್ಡು ತೆಗೆದರೂ ಮೆತ್ತಗಿನ ಭಾವ ಉಳಿಸುತ್ತದೆ. ಒಣ ಚರ್ಮದವರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಇದೇ ಸರಿ.

ನಾನು ಮಾಡಿದ್ದು ಹೀಗೆ. ಸಿಪ್ಪೆ ತೆಗೆದ ಹೆಸರುಬೇಳೆ ಅರ್ಧ ಕೆಜಿ ತಂದು, ಒದ್ದೆ ಬಟ್ಟೆಯಲ್ಲಿ ಒರೆಸಿ, ತಾರಸಿ ಮೇಲೆ ಎರಡು ಬಿಸಿಲು ಒಣಗಿಸಿದೆ. ಬೇಳೆ ಕೈಯಲ್ಲಿ ಹಿಡಿದರೆ ಕಟಕಟ ಅನ್ನಬೇಕು. ಮಿಕ್ಸಿಯಲ್ಲಿ ಪುಡಿ ಮಾಡಿ ಸಣ್ಣ ಜರಡಿ ಹಿಡಿದೆ. ಆಮೇಲೆ ಹಳೇ ಹತ್ತಿ ಪಂಚೆಯ ಬಟ್ಟೆಯಲ್ಲಿ ಇನ್ನೊಂದು ಸಲ. ಈ ಎರಡನೇ ಸಲ ಮಾಡುವುದನ್ನು ದಯವಿಟ್ಟು ಬಿಡಬೇಡಿ. ಮೊದಲನೇ ಸಲ ನಾನು ಬರೀ ಜರಡಿ ಹಿಡಿದು ಹಚ್ಚಿದ್ದೆ, ತೊಳೆಯುವಾಗ ಕಣ ಗೀರಿದ ಹಾಗಾಯಿತು. ಬಟ್ಟೆಯಲ್ಲಿ ಸೋಸಿದ ಹಿಟ್ಟು ಪೌಡರ್ ಇದ್ದ ಹಾಗಿರುತ್ತದೆ. ಮೇಲೆ ಉಳಿದ ತರಿಯನ್ನು ಎಸೆಯಬೇಕಾಗಿಲ್ಲ, ದೋಸೆ ಹಿಟ್ಟಿಗೆ ಹಾಕಿದೆ.

ಗಿರಣಿಗೆ ಕೊಟ್ಟು ಹಿಟ್ಟು ಮಾಡಿಸೋಣ ಅನ್ನುವವರು ಒಂದು ವಿಷಯ ನೆನಪಿಡಿ. ನಿಮಗಿಂತ ಮುಂಚೆ ಬಂದವರು ಮೆಣಸಿನಕಾಯಿ ಹಾಕಿಸಿದ್ದರೆ ಆ ಖಾರ ನಿಮ್ಮ ಹಿಟ್ಟಿಗೂ ಬರುತ್ತದೆ. ಸಾರಿಗೆ ಪರವಾಗಿಲ್ಲ. ಮುಖಕ್ಕೆ ಹಚ್ಚಿದರೆ ಆಗುವುದೇ ಬೇರೆ.

ಎರಡು ಚಮಚ ಹಿಟ್ಟು, ಒಂದೂವರೆ ಚಮಚ ಹುಳಿ ಬರದ ತಾಜಾ ಮೊಸರು. ಇಷ್ಟೇ. ದೋಸೆ ಹಿಟ್ಟಿನ ಹದಕ್ಕೆ ಕಲಸಿ ಹಚ್ಚಿ ಹತ್ತು ನಿಮಿಷ. ಪೂರ್ತಿ ಒಣಗಿ ಬಿರುಕು ಬಿಡುವ ತನಕ ಕಾಯಬೇಡಿ. ತುಂಬಾ ಜನ ಒಣಗಿದಷ್ಟೂ ಒಳ್ಳೆಯದು ಅಂದುಕೊಂಡಿದ್ದಾರೆ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಹಿಟ್ಟು ಒಣಗುತ್ತಾ ಚರ್ಮದ ಮೇಲಿನ ಪಸೆಯನ್ನೂ ಎಳೆದುಕೊಳ್ಳುತ್ತದೆ. ಅಂಚು ಒಣಗಿ ಮಧ್ಯ ಇನ್ನೂ ಹಸಿ ಇರುವಾಗಲೇ ಕೈ ಒದ್ದೆ ಮಾಡಿಕೊಂಡು ಮೆತ್ತಗೆ ತೆಗೆಯಿರಿ. ಮೂರು ಸಲವೂ ಎಡಗೆನ್ನೆ ಬಲಗೆನ್ನೆಗಿಂತ ನಯವಾಗಿತ್ತು, ಕಣ್ಣು ಮುಚ್ಚಿ ಮುಟ್ಟಿದರೂ ತಿಳಿಯುವಷ್ಟು. ಆ ನಯ ಮಾರನೇ ದಿನ ಮಧ್ಯಾಹ್ನದವರೆಗೆ ಇತ್ತು. ಬಣ್ಣದಲ್ಲಿ ಏನೂ ವ್ಯತ್ಯಾಸ ಇಲ್ಲ. ಒಂದು ಸಲಕ್ಕೆ ಬೀಳುವ ಖರ್ಚು ಮೂರು ನಾಲ್ಕು ರೂಪಾಯಿ. ಒಂದು ಮಾರ್ಕು ಕಡಿಮೆ ಕೊಟ್ಟಿದ್ದು ಹಿಟ್ಟು ಮಾಡುವ ಕೆಲಸ ಜಾಸ್ತಿ ಅನ್ನುವುದಕ್ಕೆ ಮಾತ್ರ.

ಬರೀ ಮೊಸರನ್ನೂ ಬೇರೆಯಾಗಿ ಹಚ್ಚಿ ನೋಡಿದೆ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಇದೆ, ಅದೇ ಆಮ್ಲವನ್ನು ಅಂಗಡಿಯ ಕ್ರೀಮು, ಸೀರಮ್‌ಗಳಲ್ಲೂ ಹಾಕುತ್ತಾರೆ, ಸಾಮಾನ್ಯವಾಗಿ 5ರಿಂದ 10 ಪರ್ಸೆಂಟ್. ಮೊಸರಲ್ಲಿ ಇರುವುದು 1 ಪರ್ಸೆಂಟ್ ಆಸುಪಾಸು. ಹಾಗಾಗಿ ಸತ್ತ ಚರ್ಮ ಪೂರ್ತಿ ಕಿತ್ತು ಬರುತ್ತದೆ ಅಂತೆಲ್ಲ ನಂಬಬೇಡಿ. ತಂಪಾಗುತ್ತದೆ, ಸ್ವಲ್ಪ ಮೆತ್ತಗಾಗುತ್ತದೆ. ಒಂದು ಸಲ ಎರಡು ದಿನದ ಹುಳಿ ಮೊಸರು ಹಚ್ಚಿದೆ, ಚುರುಚುರು ಅಂದಿತು, ತಕ್ಷಣ ತೊಳೆದೆ. 10ಕ್ಕೆ 6.

ಕಡಲೆಹಿಟ್ಟು, ಹಾಲು, ಚಿಟಿಕೆ ಅರಿಶಿನಕ್ಕೆ 6 ಕೊಡುತ್ತೇನೆ. ಜಿಡ್ಡು ಮುಖದವರು 8 ಕೊಟ್ಟರೂ ಕೊಡಬಹುದು. ನನ್ನ ಹಣೆಗೆ ಚೆನ್ನಾಗಿತ್ತು, ಕೆನ್ನೆಗೆ ಒರಟಾಯಿತು. ಆದರೆ ಇಲ್ಲಿ ಅರಿಶಿನದ ಬಗ್ಗೆ ನಿಲ್ಲಲೇಬೇಕು.

ಮದುವೆಯ ಅರಿಶಿನ ಶಾಸ್ತ್ರದಿಂದ ಹಿಡಿದು ಬಿದ್ದ ಗಾಯದ ತನಕ ನಮಗೆ ಅರಿಶಿನ ಬೇಕು. ಅದರ ಮೇಲೆ ನನಗೂ ಪ್ರೀತಿ ಇದೆ. ಸಮಸ್ಯೆ ಇರುವುದು ಪುಡಿಯಲ್ಲಿ. ಅರಿಶಿನ ಪುಡಿಗೆ ಬಣ್ಣ ಬರಲಿ ಅಂತ ಸೀಸದ ಕ್ರೋಮೇಟ್ ಬೆರೆಸುವುದು ನಮ್ಮ ದೇಶದಲ್ಲೂ ಬಾಂಗ್ಲಾದೇಶದಲ್ಲೂ ಸಿಕ್ಕಿಬಿದ್ದಿದೆ. ಸೀಸ ವಿಷ. ಅದಕ್ಕೇ ನಾನು ಬಿಡಿ ಪುಡಿ ಕೊಳ್ಳುವುದನ್ನೇ ಬಿಟ್ಟಿದ್ದೇನೆ. ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲೇ ಅರಿಶಿನ ಬೆಳೆಯುತ್ತಾರೆ, ಕೊಂಬು ತಂದು ಮನೆಯಲ್ಲೇ ಕುಟ್ಟಿ ಪುಡಿ ಮಾಡಿಕೊಳ್ಳುವುದು ಕಷ್ಟವೇನಲ್ಲ. ಇನ್ನೊಂದು ವಿಷಯ, ಅಡುಗೆ ಅರಿಶಿನ ಮುಖಕ್ಕೆ ಹಚ್ಚಿದರೆ ಹಳದಿ ಅಂಟಿಕೊಳ್ಳುತ್ತದೆ, ಮಾರನೇ ದಿನ ಆಫೀಸಿನಲ್ಲಿ ಎಲ್ಲರೂ "ಜಾಂಡೀಸಾ?" ಅಂತ ಕೇಳುತ್ತಾರೆ. ಆ ಹಳದಿ ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಹತ್ತಿಯಲ್ಲಿ ಎರಡು ಹನಿ ಎಣ್ಣೆ ಅಥವಾ ಹಾಲಿನ ಕೆನೆ ತೆಗೆದುಕೊಂಡು ಒರೆಸಿದರೆ ಬರುತ್ತದೆ. ಸೋಪು ಹಾಕಿ ತಿಕ್ಕಬೇಡಿ. ಟವೆಲ್‌ಗೆ ಅಂಟಿದ ಕಲೆಯನ್ನು ತೊಳೆದು ಬಿಸಿಲಿಗೆ ಹಾಕಿ, ಬಿಸಿಲೇ ಅದನ್ನು ತಿಳಿ ಮಾಡುತ್ತದೆ.

ಮುಖಕ್ಕೆ ಅಂತಲೇ ಇರುವುದು ಕಸ್ತೂರಿ ಅರಿಶಿನ. ಅದು ಅಡುಗೆ ಅರಿಶಿನದ ಜಾತಿಯದ್ದೇ ಆದರೂ ಗಿಡ ಬೇರೆ. ಕರ್ಪೂರದ ಹಾಗೆ ಪರಿಮಳ, ಅಷ್ಟಾಗಿ ಬಣ್ಣ ಹಿಡಿಯುವುದಿಲ್ಲ. ಇದನ್ನು ಹುಡುಕಿಕೊಂಡು ನಮ್ಮೂರಿನ ಚಿಕ್ಕ ಗಡಿಯಾರ ಗೋಪುರದ ಹತ್ತಿರ ಇರುವ ಗ್ರಂಧಿಗೆ ಅಂಗಡಿಗಳನ್ನು ಸುತ್ತಿದೆ. ಒಂದು ಅಂಗಡಿಯಲ್ಲಿ ಕೊಟ್ಟ ಪುಡಿ ಕೈಗೆ ಹಚ್ಚಿದ ಕೂಡಲೇ ಗಾಢ ಹಳದಿ ಆಯಿತು, ವಾಸನೆಯೂ ಸಾರಿನ ಅರಿಶಿನದ್ದೇ. ಹೆಸರು ಹೇಳುವುದಿಲ್ಲ, ಆದರೆ ಕಸ್ತೂರಿ ಅಂತ ಹೇಳಿ ಮೂರು ಪಟ್ಟು ದುಡ್ಡು ತೆಗೆದುಕೊಂಡು ಅಡುಗೆ ಅರಿಶಿನ ಕೊಡುವುದು ಸರಿ ಅಲ್ಲ. ಇನ್ನೊಂದು ಅಂಗಡಿಯ ಹಿರಿಯರು "ಪುಡಿ ತಗೋಬೇಡಮ್ಮ, ಕೊಂಬು ತಗೋ, ಮುರಿದು ಮೂಸಿ ನೋಡು" ಅಂತ ಅವರಾಗಿಯೇ ಹೇಳಿದರು. ಅವರ ಹತ್ತಿರ ತಂದ ಕೊಂಬು ಚೆನ್ನಾಗಿತ್ತು. ಅವರಿಗೆ ಮನಸಾರೆ ಥ್ಯಾಂಕ್ಸ್.

ಅದೇ ಅಂಗಡಿ ಬೀದಿಯಲ್ಲಿ ಗಂಧದ ಪುಡಿ ಅಂತ ಸಣ್ಣ ಪ್ಯಾಕೆಟ್ ತೋರಿಸಿದರು, 50 ಗ್ರಾಂಗೆ 40 ರೂಪಾಯಿ. 1916ರಲ್ಲೇ ಗಂಧದೆಣ್ಣೆ ಕಾರ್ಖಾನೆ ಶುರುವಾದ ಊರು ನಮ್ಮದು, ಗಂಧದ ಮರದ ಬೆಲೆ ಏನು ಅಂತ ಇಲ್ಲಿಯವರಿಗೆ ಗೊತ್ತಿರಬೇಕು. ಒಳ್ಳೆಯ ಗಂಧದ ಚೇಗು ಕೆಜಿಗೆ ಸಾವಿರಾರು ರೂಪಾಯಿ. 40 ರೂಪಾಯಿಗೆ ಗಂಧ ಬರುವುದಿಲ್ಲ, ಬರುವುದು ಯಾವುದೋ ಮರದ ಹೊಟ್ಟು ಮತ್ತು ಸೆಂಟು. ಮನೆಯಲ್ಲಿ ಹಳೇ ಕೊರಡು, ಸಾಣೆಕಲ್ಲು ಇದ್ದರೆ ನೀರು ಹಾಕಿ ತೇಯ್ದು ಹಚ್ಚಿಕೊಳ್ಳಿ. ಇಲ್ಲದಿದ್ದರೆ ಗಂಧದ ಆಸೆ ಬಿಡಿ.

ಜೇನುತುಪ್ಪಕ್ಕೆ 8. ಇಷ್ಟು ಚೆನ್ನಾಗಿರುತ್ತದೆ ಅಂತ ನಾನು ನಿಜವಾಗಲೂ ಅಂದುಕೊಂಡಿರಲಿಲ್ಲ. ಮುಖ ಸ್ವಲ್ಪ ಒದ್ದೆ ಇರುವಾಗ ಒಂದು ಚಮಚ ಜೇನು ತೆಳ್ಳಗೆ ಸವರಿ ಹದಿನೈದು ನಿಮಿಷ ಬಿಟ್ಟು ಬೆಚ್ಚಗಿನ ನೀರಲ್ಲಿ ತೊಳೆದರೆ ಸಾಕು. ಅಂಟು ಅಂಟು ಅನಿಸಿದರೂ ನೀರು ಬಿದ್ದ ತಕ್ಷಣ ಜಾರಿಹೋಗುತ್ತದೆ. ಜೇನಿನಲ್ಲಿ ಸಕ್ಕರೆ ಅಂಶ ಅಷ್ಟು ಜಾಸ್ತಿ, ನೀರು ಅಷ್ಟು ಕಡಿಮೆ ಇರುವುದರಿಂದ ಅದು ಸುತ್ತಲಿನ ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ. ಅದೇ ಕಾರಣಕ್ಕೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದೂ ಕಷ್ಟ, ಆಸ್ಪತ್ರೆಗಳಲ್ಲಿ ಶುದ್ಧೀಕರಿಸಿದ ಜೇನನ್ನು ಗಾಯಕ್ಕೆ ಬಳಸುವುದೂ ಉಂಟು. ತೊಳೆದ ಮೇಲೆ ಕೆನ್ನೆ ಮೆತ್ತಗೆ, ಬಿಗಿ ಇಲ್ಲ. ಬೇಸಿಗೆಯ ಒಣ ಗಾಳಿಯಲ್ಲಿ ಇದು ನನಗೆ ತುಂಬಾ ಹಿಡಿಸಿತು.

ಆದರೆ ಜೇನು ಜೇನೇ ಆಗಿರಬೇಕಲ್ಲ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 13 ಬ್ರ್ಯಾಂಡ್‌ಗಳ ಜೇನನ್ನು ಪರೀಕ್ಷೆ ಮಾಡಿಸಿದಾಗ ಹೆಚ್ಚಿನವುಗಳಲ್ಲಿ ಸಕ್ಕರೆ ಪಾಕ ಬೆರೆತಿದ್ದು ಬಯಲಾಯಿತು. ಗ್ಲಾಸ್ ನೀರಿಗೆ ಹಾಕಿ ನೋಡುವ ಮನೆ ಪರೀಕ್ಷೆಯಲ್ಲಿ ಇಂಥ ಕಲಬೆರಕೆ ಗೊತ್ತಾಗುವುದಿಲ್ಲ, ಅದನ್ನು ನೆಚ್ಚಿಕೊಳ್ಳಬೇಡಿ. ನಾನು ತರುವುದು ಕೊಡಗಿನಿಂದ, ಪರಿಚಯದ ತೋಟದವರು ಇಟ್ಟಿರುವ ತುಡುವೆ ಜೇನುನೊಣದ ಪೆಟ್ಟಿಗೆಯ ಜೇನು. ನಿಮಗೂ ಮಲೆನಾಡಿನ ಕಡೆ ಯಾರಾದರೂ ಇದ್ದರೆ ಅವರನ್ನೇ ಕೇಳಿ. ಹೂವಿನ ಪರಾಗ ಆಗದವರು ಮೊಣಕೈ ಪರೀಕ್ಷೆ ಮಾಡದೆ ಹಚ್ಚಲೇಬೇಡಿ.

ಲೋಳೆಸರ ಅಡುಗೆಮನೆಯದ್ದಲ್ಲ, ಆದರೆ ಅಡುಗೆಮನೆ ಕಿಟಕಿಯ ಹೊರಗಿನ ಕುಂಡದ್ದು, ಅದಕ್ಕೆ ಸೇರಿಸಿಕೊಂಡೆ. 7 ಮಾರ್ಕು. ಎಲೆ ಕತ್ತರಿಸಿದ ಕೂಡಲೇ ಸಿಪ್ಪೆಯ ಒಳಗಿನಿಂದ ಹಳದಿ ಬಣ್ಣದ ರಸ ಇಳಿಯುತ್ತದೆ ನೋಡಿ, ಮುಖ್ಯ ವಿಷಯ ಅದು. ಆ ಹಳದಿ ರಸ ಕೆಲವರಿಗೆ ತುರಿಕೆ ತರುತ್ತದೆ. ಎಲೆಯನ್ನು ಕತ್ತರಿಸಿದ ಕಡೆ ಕೆಳಗೆ ಮಾಡಿ ಲೋಟದಲ್ಲಿ ಹದಿನೈದು ನಿಮಿಷ ನಿಲ್ಲಿಸಿ, ರಸ ಇಳಿದ ಮೇಲೆ ತೊಳೆದು, ಸಿಪ್ಪೆ ತೆಗೆದು, ಒಳಗಿನ ಗಾಜಿನ ಹಾಗಿರುವ ಲೋಳೆಯನ್ನು ಮಾತ್ರ ಬಳಸಿ. ಬಿಸಿಲಲ್ಲಿ ಸುತ್ತಿ ಬಂದ ದಿನ ತುಂಬಾ ಹಾಯೆನಿಸುತ್ತದೆ.

ಟೊಮೆಟೊ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೂರು ಸಲ ಹಚ್ಚಿದೆ, ಎರಡು ಸಲ ತುರಿಸಿತು, ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಾಣಲಿಲ್ಲ. 2. ಸಾರು ಮಾಡಿ.

ಪಪ್ಪಾಯಿ ಹಣ್ಣಿಗೆ 5. ನಯ ಆಗುತ್ತದೆ, ಆದರೆ ಜೇನಿನಷ್ಟು ಅಲ್ಲ. ಕಾಯಿ ಪಪ್ಪಾಯಿ ಹಚ್ಚಿ ಅಂತ ಕೆಲವರು ಹೇಳುತ್ತಾರೆ, ದಯವಿಟ್ಟು ಬೇಡ. ಕಾಯಿಯ ಹಾಲಿನಲ್ಲಿ ಪಪೇನ್ ಅನ್ನುವ ಕಿಣ್ವ ಇದೆ. ಮಾಂಸ ಬೇಗ ಬೇಯಲಿ, ಮೆತ್ತಗಾಗಲಿ ಅಂತ ಕಾಯಿ ಪಪ್ಪಾಯಿ ಹಾಕುತ್ತಾರಲ್ಲ, ಅದೇ. ಮಾಂಸವನ್ನು ಕರಗಿಸುವುದು ಕೆನ್ನೆಗೆ ಏನು ಮಾಡಬಹುದು ಅಂತ ಯೋಚಿಸಿ. ರಬ್ಬರ್ ಗ್ಲೌಸ್ ಹಾಕಿದರೆ ಕೈ ತುರಿಸುವವರಿಗೆ ಪಪ್ಪಾಯಿಯೂ ಆಗದೇ ಇರಬಹುದು, ಹಣ್ಣಾದರೂ ಹುಷಾರು.

ಮೊಟ್ಟೆಯ ಬಿಳಿಗೆ 3. ಒಣಗುವಾಗ ಬಿಗಿಯುತ್ತದೆ, ಅದನ್ನು ನೋಡಿ ಸುಕ್ಕು ಹೋಯಿತು ಅಂದುಕೊಳ್ಳುತ್ತಾರೆ. ತೊಳೆದು ಒಂದು ಗಂಟೆಗೆ ಎಲ್ಲ ಮೊದಲಿನ ಹಾಗೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು, ಬಾಯಿ ಪಕ್ಕ ಹಚ್ಚುವುದು ಒಳ್ಳೆಯದಲ್ಲ. ವಾಸನೆಯಂತೂ ಬೇಡವೇ ಬೇಡ.

ಲೆಕ್ಕಕ್ಕೆ ಇರದಿದ್ದರೂ ಇನ್ನೊಂದು. ಕಾಫಿ ಚರಟ. ಫಿಲ್ಟರ್ ಕಾಫಿ ಮಾಡುವ ಮನೆಯಲ್ಲಿ ದಿನಾ ಒಂದು ಮುಷ್ಟಿ ಚರಟ ಉಳಿಯುತ್ತದೆ, ಅದನ್ನು ಮುಖಕ್ಕೆ ತಿಕ್ಕಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಮುಂಗೈಗೆ ತಿಕ್ಕಿ ನೋಡಿದೆ, ಮುಖಕ್ಕೆ ತುಂಬಾ ಒರಟು. ಹಿಮ್ಮಡಿಗೆ ಮಾತ್ರ ಇದರಷ್ಟು ಒಳ್ಳೆಯದು ಇಲ್ಲ. ಸ್ವಲ್ಪ ಕೊಬ್ಬರಿ ಎಣ್ಣೆ ಸೇರಿಸಿ ಸ್ನಾನಕ್ಕೆ ಮುಂಚೆ ಐದು ನಿಮಿಷ ಉಜ್ಜಿ. ಬಚ್ಚಲಿನ ಕೊಳವೆಗೆ ಚರಟ ಹೋಗಿ ಕಟ್ಟಿಕೊಳ್ಳುತ್ತದೆ, ಹೊರಗೆ ಗಿಡದ ಹತ್ತಿರ ಕೂತು ಮಾಡಿದರೆ ಒಳ್ಳೆಯದು.

ಇನ್ನು ಬಣ್ಣದ ಮಾತು. ಎಂಟರಲ್ಲಿ ಒಂದೂ, ಒಂದೇ ಒಂದೂ, ನನ್ನ ಎಡಗೆನ್ನೆಯನ್ನು ಬಲಗೆನ್ನೆಗಿಂತ ಬೆಳ್ಳಗೆ ಮಾಡಲಿಲ್ಲ. ಮಾಡುವುದಕ್ಕೂ ಸಾಧ್ಯವಿಲ್ಲ. ಬಣ್ಣ ಬರುವುದು ಮೆಲನಿನ್‌ನಿಂದ, ಅದು ತಯಾರಾಗುವುದು ಚರ್ಮದ ಒಳಗೆ, ಹತ್ತು ನಿಮಿಷ ಮೇಲೆ ಕೂತ ಹಿಟ್ಟಿಗೆ ಅದು ಸಿಗುವುದಿಲ್ಲ. ಬಿಸಿಲಿಗೆ ಕಪ್ಪಾಗಿದ್ದರೆ ಅದು ನಿಧಾನವಾಗಿ ತಾನೇ ಇಳಿಯುತ್ತದೆ, ಮೇಲಿನ ಚರ್ಮ ಸುಮಾರು ಒಂದು ತಿಂಗಳಿಗೆ ಹೊಸದಾಗುತ್ತಾ ಇರುತ್ತದೆ. ಅಲ್ಲಿಯವರೆಗೆ ಕೊಡೆ ಹಿಡಿಯಿರಿ, ಸನ್‌ಸ್ಕ್ರೀನ್ ಹಚ್ಚಿ. ನಾವು ಹುಟ್ಟುವ ಮುಂಚೆಯೇ, 1975ರಲ್ಲೇ, ಫೇರ್ ಅಂಡ್ ಲವ್ಲಿ ಅನ್ನುವ ಹೆಸರಿನ ಕ್ರೀಮು ಮಾರುಕಟ್ಟೆಗೆ ಬಂತು, ಆ ಹೆಸರಿಂದ ಫೇರ್ ಅನ್ನುವ ಪದ ಹೋಗುವುದಕ್ಕೆ 2020 ಬರಬೇಕಾಯಿತು. ಪೆಟ್ಟಿಗೆ ಮೇಲಿನ ಹೆಸರು ಬದಲಾಯಿತು. ಮದುವೆ ಮನೆಗಳಲ್ಲಿ ಹುಡುಗಿಯರನ್ನು ನಿಲ್ಲಿಸಿಕೊಂಡು "ಕಪ್ಪಾಗಿದೀಯ" ಅನ್ನುವವರು ಬದಲಾಗಲಿಲ್ಲ. ಆ ಮಾತು ಕೇಳಿದಾಗ ನನಗೆ ಈಗ ತಡೆಯಲಾರದಷ್ಟು ಕೋಪ ಬರುತ್ತದೆ, ಯಾಕೆಂದರೆ ಆ ಮಾತಿನ ನಂತರ ಒಂದು ಹುಡುಗಿ ಬಾಗಿಲು ಹಾಕಿಕೊಂಡು ಏನು ಹಚ್ಚಿಕೊಳ್ಳುತ್ತಾಳೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಪಾರ್ಲರ್‌ಗೆ ಹೋದರೆ ಆಗುವುದಿಲ್ಲವೇ ಅಂತ ಕೇಳಬಹುದು. ಹೋದ ವರ್ಷ ಒಂದು ಕಡೆ ಫ್ರೂಟ್ ಫೇಶಿಯಲ್ ಅಂತ 900 ರೂಪಾಯಿ ಕೊಟ್ಟೆ. ಡಬ್ಬಿಗೆ ಲೇಬಲ್ ಇರಲಿಲ್ಲ, ಯಾವ ಹಣ್ಣು ಅಂತ ಕೇಳಿದರೆ "ಮಿಕ್ಸ್ ಮೇಡಂ" ಅಂದರು. ಒಂದು ವಾರ ಗಲ್ಲದ ತುಂಬಾ ಮೊಡವೆ. ಎಲ್ಲ ಪಾರ್ಲರ್ ಹಾಗೇ ಅಂತ ಹೇಳುತ್ತಿಲ್ಲ, ಆದರೆ ನನ್ನ ಮುಖಕ್ಕೆ ಏನು ಬೀಳುತ್ತಿದೆ ಅಂತ ನನಗೆ ಗೊತ್ತಿರಬೇಕು. ಮನೆಯ ಪ್ಯಾಕ್‌ನಲ್ಲಿ ನನಗೆ ಇಷ್ಟವಾಗುವುದೇ ಅದು, ಬೇಳೆ ನಾನೇ ಒಣಗಿಸಿದ್ದು, ಮೊಸರು ನಾನೇ ಹೆಪ್ಪು ಹಾಕಿದ್ದು.

ಮನೆಯದ್ದು ಅಂತ ಹೇಳಿ ಮೈ ಮರೆಯಲೂಬಾರದು. ಅಂಗಡಿ ಕ್ರೀಮಿನಲ್ಲಿ ಕೆಡದ ಹಾಗೆ ಏನಾದರೂ ಹಾಕಿರುತ್ತಾರೆ, ನಮ್ಮ ಬಟ್ಟಲಿನಲ್ಲಿ ಅದು ಇಲ್ಲ. ಕಲಸಿದ್ದು ಉಳಿದರೆ ಫ್ರಿಜ್‌ನಲ್ಲಿಟ್ಟು ನಾಳೆ ಹಚ್ಚೋಣ ಅನ್ನಬೇಡಿ, ಎಸೆಯಿರಿ ಅಥವಾ ಕೈಕಾಲಿಗೆ ಹಚ್ಚಿ ಮುಗಿಸಿ. ಒಣ ಹಿಟ್ಟನ್ನು ಗಾಜಿನ ಡಬ್ಬಿಯಲ್ಲಿ ಒದ್ದೆ ಚಮಚ ತಾಕದ ಹಾಗೆ ಇಟ್ಟರೆ ಎರಡು ತಿಂಗಳು ಚೆನ್ನಾಗಿರುತ್ತದೆ, ಮಳೆಗಾಲದಲ್ಲಿ ಅಷ್ಟೂ ಬರುವುದಿಲ್ಲ, ಹುಳು ಬೀಳುತ್ತದೆ. ಕೀವು ತುಂಬಿದ ಮೊಡವೆ, ಬಂಗು, ಎಕ್ಸಿಮಾ ಇದ್ದವರು ಇದ್ಯಾವುದನ್ನೂ ಮಾಡದೆ ನೇರ ಚರ್ಮದ ಡಾಕ್ಟರ ಹತ್ತಿರ ಹೋಗಿ. ಬಂಗು ಹಿಟ್ಟಿಗೆ ಹೋಗುವುದಿಲ್ಲ. ವಾರಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ ಸಾಕು. ಪರೀಕ್ಷೆಗೆ ಅಂತ ನಾನು ಮೂರು ಸಲ ಮಾಡಿದೆ, ಐದನೇ ವಾರದ ಹೊತ್ತಿಗೆ ಎಡಗೆನ್ನೆ ಸ್ವಲ್ಪ ಒಣಗಿ ಸಿಪ್ಪೆ ಎದ್ದಿತ್ತು, ನಾಲ್ಕು ದಿನ ಬಿಟ್ಟು ಮುಂದುವರಿಸಿದೆ.

ಅಕ್ಕನ ಮಗಳ ಕಲೆ ಜೂನ್ ಹೊತ್ತಿಗೆ ಮುಕ್ಕಾಲು ಪಾಲು ಹೋಗಿದೆ. ಡಾಕ್ಟರು ಕೊಟ್ಟಿದ್ದು ಎರಡೇ, ಸಾದಾ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್. ಕುತ್ತಿಗೆಯ ಗೆರೆ ಇನ್ನೂ ತೆಳ್ಳಗೆ ಕಾಣುತ್ತದೆ. ಹೋದ ಭಾನುವಾರ ಬಂದಿದ್ದಳು. ನಾನು ಹಚ್ಚಿಕೊಂಡು ಕೂತಿದ್ದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಿಕ್ಕಮ್ಮ, ಅದು ಉರಿಯುತ್ತಾ?" ಅಂದಳು. "ಇಲ್ಲ ಪುಟ್ಟಿ, ತಣ್ಣಗಿದೆ, ಮುಟ್ಟಿ ನೋಡು" ಅಂದೆ. ಬೆರಳಲ್ಲಿ ನನ್ನ ಕೆನ್ನೆಯಿಂದಲೇ ಸ್ವಲ್ಪ ತೆಗೆದು ಮೊಣಕೈ ಒಳಗೆ ಹಚ್ಚಿಕೊಂಡು, ಗಡಿಯಾರ ನೋಡಿಕೊಂಡಳು. ಸಂಜೆ ಹಾಸ್ಟೆಲ್‌ಗೆ ಹೊರಡುವಾಗ ಅಮ್ಮ ಒಂದು ಸಣ್ಣ ಡಬ್ಬಿ ಹೆಸರುಹಿಟ್ಟು ಅವಳ ಬ್ಯಾಗಿಗೆ ಹಾಕಿದರು. ಮುಚ್ಚಳದ ಮೇಲೆ ತಾರೀಖು ಬರೆದು ಕೊಟ್ಟೆ.